ಬುಧವಾರದ ಖಾಲಿ ಚೌಕ

ಅಗಸಿ ಹಿಂಡಿಯ ವಾಸನೆಯನ್ನು ಮುಚ್ಚಿಡಲು ಬರುವುದಿಲ್ಲ. ಸ್ಟೀಲಿನ ಡಬ್ಬಿಗೆ ಆ ಚಟ್ನಿಪುಡಿ ಹಾಕಿ, ಮೇಲೆ ನಾಲ್ಕು ಜೋಳದ ಭಾಕ್ರಿ ಇಟ್ಟು, ಹಳೇ ಧೋತರದ ತುಂಡಿನಿಂದ ಬಿಗಿದು ಕಟ್ಟಿ, ಬಸ್ಸಿನ ಎಂಜಿನ್ನಿನ ಪಕ್ಕ ಇಟ್ಟು ಕಳಿಸಿದರೂ, ಡೀಸೆಲ್ಲಿನ ವಾಸನೆಯನ್ನು ಆಚೆ ಸರಿಸಿ ಅದೇ ಮೊದಲು ಕೆಳಗಿಳಿಯುತ್ತದೆ. ಹೋದ ವಾರ ಸೊಲ್ಲಾಪುರದ ಎಸ್.ಟಿ. ಸ್ಟ್ಯಾಂಡಿನಲ್ಲಿ ನನಗೆ ಹಾಗೇ ಆಯಿತು. ಗುರುವಾರದ ದರ್ಶನಕ್ಕೆ ಹಿಂದಿನ ದಿನವೇ ಹೊರಟಿದ್ದ ನನ್ನ ಹಳೇ ಕಲೀಗ್ ಒಬ್ಬರನ್ನು ಅಕ್ಕಲಕೋಟದ ಗಾಡಿ ಹತ್ತಿಸಿ, ಟಾಟಾ ಮಾಡಿ, ಇನ್ನೇನು ಆಟೋ ಹಿಡಿಯಬೇಕು, ಆ ವಾಸನೆ ಬಂತು. ಸಿಮೆಂಟಿನ ಬೆಂಚಿನ ಮೇಲೆ ಕೂತುಬಿಟ್ಟೆ. ಅಕ್ಕನ ಮೊಮ್ಮಗಳು ಭಾಗ್ಯಾ ನನ್ನ ಮನೆಯಲ್ಲಿದ್ದ ಆ ಒಂದು ವರ್ಷ ಕಣ್ಣ ಮುಂದೆ ಬಂತು.

ನಮ್ಮ ಕಡೆ ಇದು ಹಳೇ ಪದ್ಧತಿ. ಹಳ್ಳಿಯ ತಾಯಂದಿರು ಬೆಳಗಿನ ಗಾಡಿಯ ಡ್ರೈವರ್ ಕೈಯಲ್ಲಿ ಬುತ್ತಿ ಡಬ್ಬಿ ಕೊಟ್ಟು ಕಳಿಸುತ್ತಾರೆ. ಸೊಲ್ಲಾಪುರದಲ್ಲಿ ರೂಮು ಮಾಡಿಕೊಂಡು ಓದುವ ಮಕ್ಕಳು ಸ್ಟ್ಯಾಂಡಿಗೆ ಬಂದು ಇಳಿಸಿಕೊಂಡು, ತೊಳೆದ ಹಳೇ ಡಬ್ಬಿ ವಾಪಸು ಕೊಡುತ್ತಾರೆ. ಡ್ರೈವರಿಗೆ ಯಾವ ಡಬ್ಬಿ ಯಾರ ಮನೆಯದೆಂದು ಗಂಟು ನೋಡಿಯೇ ಗೊತ್ತು.

ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ಯಾಕೆ ಎಂದು ತಿಳಿಯುವುದಿಲ್ಲ. ನಾನು ಸೊಲ್ಲಾಪುರದಲ್ಲೇ ಹುಟ್ಟಿ ಬೆಳೆದವಳು. ಅಪ್ಪ ಮಿಲ್ಲಿನ ಆಫೀಸಿನಲ್ಲಿ ಕ್ಲಾರ್ಕ್. ಕಾನ್ವೆಂಟಿನಲ್ಲಿ ಇಂಗ್ಲಿಷ್, ಓಣಿಯಲ್ಲಿ ಮರಾಠಿ, ಅಡುಗೆಮನೆಯಲ್ಲಿ ಕನ್ನಡ. ಹೀಗೆ ಮೂರು ನಾಲಿಗೆಯಲ್ಲಿ ದೊಡ್ಡವಳಾದೆ. ಆಮೇಲೆ ಒಂದು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ಟೀಚರ್, ಕೊನೆಗೆ ಸೂಪರ್‌ವೈಸರ್. ಹತ್ತೊಂಬತ್ತು ವರ್ಷ ಇಡೀ ಶಾಲೆಯ ಟೈಮ್‌ಟೇಬಲ್ ಮಾಡಿದವಳು ನಾನೇ. ಪ್ರತಿ ಜೂನಿನಲ್ಲಿ ಡೈನಿಂಗ್ ಟೇಬಲ್ ಮೇಲೆ ಚಾರ್ಟ್ ಪೇಪರ್ ಹಾಸಿ, ಕಲರ್ ಪೆನ್ಸಿಲ್ ಹಿಡಿದು ಕೂತರೆ ನಾಲ್ಕು ದಿನ ಏಳುತ್ತಿರಲಿಲ್ಲ. ಒಂದೇ ಟೀಚರ್ ಎರಡು ಕ್ಲಾಸಿನಲ್ಲಿ ಬೀಳಬಾರದು, ಯಾರಿಗೂ ಎರಡಕ್ಕಿಂತ ಹೆಚ್ಚು ಆಫ್ ತಾಸು ಇರಬಾರದು, ಯಾರಾದರೂ ರಜೆ ಹಾಕಿದರೆ ಆ ಕ್ಲಾಸಿಗೆ ಹೋಗಲು ಪ್ರಾಕ್ಸಿ ಸಿದ್ಧವಿರಬೇಕು. "ಟೀಚರ್, ನನಗ ಊಟದ ಮ್ಯಾಲಿನ ತಾಸು ಖಾಲಿ ಬಿಡ್ರಿ" ಎಂದು ಯಾರಾದರೂ ಮೆಲ್ಲಗೆ ಬಂದು ಕೇಳಿದರೆ ನಾನು ಕನ್ನಡಕದ ಮೇಲಿಂದ ನೋಡುತ್ತಿದ್ದೆ. ಖಾಲಿ ತಾಸು ಕೇಳುವವರ ಹೊಟ್ಟೆಯಲ್ಲಿ ಏನೋ ಇರುತ್ತದೆ ಎಂಬುದು ನನ್ನ ನಂಬಿಕೆ. ನಮ್ಮ ಕಾನ್ವೆಂಟಿನ ಸಿಸ್ಟರ್ ಒಬ್ಬರು ಹಾಜರಿ ಕರೆಯುವಾಗ ಹೇಳುತ್ತಿದ್ದರು: "ಗರ್ಲ್ಸ್, ಆ್ಯನ್ ಎಂಪ್ಟಿ ಡೆಸ್ಕ್ ಈಸ್ ಎ ಕ್ವೆಶ್ಚನ್." ಆ ಮಾತು ನನ್ನ ಎಲುಬಿನಲ್ಲಿ ಇಳಿದಿದೆ.

ಭಾಗ್ಯಶ್ರೀಯನ್ನು ಕರೆತಂದವನು ಅವಳ ಅಪ್ಪ ಮಲ್ಲಿನಾಥ, ನನ್ನ ತೀರಿಹೋದ ಅಕ್ಕನ ಮಗ. ಅಕ್ಕಲಕೋಟದಿಂದ ಆಚೆ ಒಂದು ಹಳ್ಳಿಯಲ್ಲಿ ಹೊಲ, ಬಾವಿ, ಎಮ್ಮೆ ಇಟ್ಟುಕೊಂಡು ಗಟ್ಟಿಯಾಗಿರುವ ಮನುಷ್ಯ. ಜೂನ್ ಮುಗಿಯಲಿಕ್ಕೆ ಬಂದಿತ್ತು, ಮಳೆಯ ಸುಳಿವಿಲ್ಲ. ವಿಜಾಪುರ ರಸ್ತೆಯ ಧೂಳೆಲ್ಲ ನಮ್ಮ ಕಾಲೊನಿಯ ಗೇಟಿಗೆ ಬಂದು ಕೂತಿತ್ತು. ಅವನು ಚಹಾದ ಬಶಿ ಕೆಳಗಿಟ್ಟು ಹೇಳಿದ.

"ಮಾವಶಿ, ಇಕೀನ್ನ ನಿಮ್ಮ ಉಡ್ಯಾಗ ಹಾಕೀನ್ರಿ. ಒಂದು ವರ್ಷ ನೋಡ್ತೀನಿ. ರವಿವಾರಕ್ಕೊಮ್ಮೆ ಫೋನ್ ಹಚ್ತೀನಿ, ನೀವು ಇದ್ದದ್ದು ಇದ್ದಂಗ ಹೇಳ್ರಿ. ಒಂದು ಕಂಪ್ಲೇಂಟ್ ಬಂತಂದ್ರ ಮರುದಿನಾನ ಕರಕೊಂಡು ಹೋಗಿಬಿಡಾವ. ಕೇಳಾಕ ಬಂದವರು ಇನ್ನೂ ಬಾಗಲದಾಗ ನಿಂತಾರ."

ಕೇಳಲು ಬಂದವರು ಎಂದರೆ ಹೆಣ್ಣು ಕೇಳಲು ಬಂದವರು. ಹುಡುಗಿ ತಲೆ ತಗ್ಗಿಸಿ ತನ್ನ ಬ್ಯಾಗಿನ ಚೈನನ್ನು ಹಿಂದೆ ಮುಂದೆ ಎಳೆಯುತ್ತಿತ್ತು. ಹನ್ನೆರಡನೇ ತನಕ ಮರಾಠಿ ಮೀಡಿಯಂ. ಊರಾಚೆಯ ಒಂದು ಹೊಸ ಯೂನಿವರ್ಸಿಟಿಯಲ್ಲಿ, ಇಂಗ್ಲಿಷಿನಲ್ಲಿ ಡಿಗ್ರಿ ಓದಬೇಕೆನ್ನುವ ಇಂಥ ಮಕ್ಕಳಿಗೆ ಮೊದಲು ಫೌಂಡೇಶನ್ ಇಯರ್ ಎಂದು ಒಂದು ವರ್ಷ. ಅದು ಪಾಸಾದರೆ ಡಿಗ್ರಿ, ಇಲ್ಲದಿದ್ದರೆ ಬಾಗಿಲಲ್ಲಿ ನಿಂತವರು.

ಪಕ್ಕದ ಮನೆಯ ಸುನಂದಾ ವಹಿನಿ ಆ ಹೆಸರು ಕೇಳಿಯೇ ನಕ್ಕರು. "ಪಾಯಾ ಭರಾಯ್ಲಾ ಏಕ ವರ್ಷ? ಮಗ ಬಿಲ್ಡಿಂಗ್ ಕಧೀ?" ಪಾಯ ತುಂಬಲಿಕ್ಕೇ ಒಂದು ವರ್ಷ ಬೇಕಾದರೆ ಮನೆ ಕಟ್ಟುವುದು ಯಾವಾಗ ಎಂದು.

ಮೊದಲ ದಿನ ಸಂಜೆ ಭಾಗ್ಯಾ ಟೈಮ್‌ಟೇಬಲ್ ಪ್ರಿಂಟ್ ತಂದಳು. ಕನ್ನಡಕ ಹಾಕಿಕೊಂಡೆ. ಸೋಮವಾರ ಹತ್ತರಿಂದ ಹನ್ನೆರಡು ಅಕಾಡೆಮಿಕ್ ಇಂಗ್ಲಿಷ್. ಮಂಗಳವಾರ ಮ್ಯಾಥ್ಸ್, ಮಧ್ಯಾಹ್ನ ಕಂಪ್ಯೂಟರ್. ಬುಧವಾರ ಒಂಬತ್ತರಿಂದ ಹನ್ನೊಂದು ಸಾಯನ್ಸ್, ಆಮೇಲೆ ಮೂರರ ತನಕ ಏನೂ ಇಲ್ಲ. ಶುಕ್ರವಾರ ಟ್ಯುಟೋರಿಯಲ್. ಬೆರಳು ಇಟ್ಟು ಎಣಿಸಿದೆ. ಹದಿನಾಲ್ಕು ತಾಸು. ದಿನಕ್ಕಲ್ಲ, ವಾರಕ್ಕೆ! ನಮ್ಮ ಶಾಲೆಯ ಎರಡನೇ ಇಯತ್ತೆಯ ಮಕ್ಕಳು ಇದಕ್ಕಿಂತ ಹೆಚ್ಚು ಕೂಡುತ್ತಿದ್ದವು.

"ಮತ್ತ ಈ ಖಾಲಿ ಚೌಕೆಲ್ಲ ಏನವ್ವಾ?"

"ಸೆಲ್ಫ್ ಸ್ಟಡಿ ರೀ ಅಜ್ಜಿ. ವಾರಕ್ಕ ಇಪ್ಪತ್ತಾರು ತಾಸು ನಾವೇ ಓದಬೇಕಂತ. ಹ್ಯಾಂಡ್‌ಬುಕ್‌ನ್ಯಾಗ ಬರದಾರ."

"ಎಲ್ಲಿ ಕುಂತು?"

"ಎಲ್ಲೆರ. ಲೈಬ್ರರಿ, ಕ್ಯಾಂಟೀನು, ಗಿಡದ ಬುಡಕ."

ಎಲ್ಲೆರ! ಯಾರೂ ಹಾಜರಿ ಕರೆಯದ, ಯಾರೂ ಬೆಲ್ ಹೊಡೆಯದ ಇಪ್ಪತ್ತಾರು ತಾಸು. ಹತ್ತೊಂಬತ್ತು ವರ್ಷ ಒಂದೊಂದು ಖಾಲಿ ಚೌಕಕ್ಕೂ ಹೊಡೆದಾಡಿದ ನನಗೆ ಆ ಕಾಗದ ನೋಡಿದರೆ ಬಾಗಿಲಿಲ್ಲದ ಮನೆ ನೋಡಿದ ಹಾಗಾಯಿತು. ಅದನ್ನು ಫ್ರಿಜ್ಜಿನ ಮೇಲೆ ಮ್ಯಾಗ್ನೆಟ್ ಇಟ್ಟು ಅಂಟಿಸಿದೆ. ಮರುದಿನದಿಂದ ಅವಳು ಎಷ್ಟಕ್ಕೆ ಹೋದಳು, ಎಷ್ಟಕ್ಕೆ ಬಂದಳು ಎಂದು ಪೆನ್ಸಿಲಿನಿಂದ ಅಂಚಿನಲ್ಲಿ ಸಣ್ಣದಾಗಿ ಗುರುತು ಹಾಕತೊಡಗಿದೆ. ಹೋಗುವುದು ಎಂಟೂಕಾಲಿಗೆ. ಬರುವುದು ಆರಕ್ಕೆ, ಆರೂವರೆಗೆ. ಕ್ಲಾಸು ಎರಡು ತಾಸಿನದು. ಹೊರಗೆ ಹತ್ತು ತಾಸು.

ಮಳೆ ಜುಲೈಯಲ್ಲಿ ಎರಡು ದಿನ ಬಂದು ಮುಖ ತೋರಿಸಿ ಹೋಯಿತು. ಆಮೇಲೆ ಒಮ್ಮೆಲೇ ಸಪ್ಟೆಂಬರಿನಲ್ಲಿ ಸುರಿಯಿತು. ಅಷ್ಟರಲ್ಲಿ ಭಾಗ್ಯಾಳ ಮುಖ ಇಳಿದಿತ್ತು. ಮೂರು ಅಸೈನ್‌ಮೆಂಟ್ ಒಂದೇ ವಾರಕ್ಕೆ ಬೀಳುತ್ತಿದ್ದವು. ಊಟಕ್ಕೆ ಕೂತಾಗ ಎಡಗೈ ಮೇಲೆ ಇಂಗ್ಲಿಷ್ ಶಬ್ದಗಳು ಕಾಣುತ್ತಿದ್ದವು, ಪೆನ್ನಿನಿಂದ ಬರೆದು ತೊಳೆದು ಮತ್ತೆ ಬರೆದವು. ಕರೆದರೆ ಓಗೊಡುತ್ತಿರಲಿಲ್ಲ, ಒಮ್ಮೆ ಸಾರಿನ ಬಟ್ಟಲಿಗೆ ಮಜ್ಜಿಗೆ ಹಾಕಿಕೊಂಡು ಹಾಗೇ ಉಂಡಳು. ಇದೆಲ್ಲ ನಾನು ನೋಡಿದೆ. ನೋಡಿ ಏನು ತಿಳಿದೆ? ಇದು ಓದಿನ ದಣಿವಲ್ಲ, ಇದು ಬೇರೆ. ಸಂಶಯದ ಕಣ್ಣಿಗೆ ದಣಿದ ಮುಖಕ್ಕೂ ಮನಸು ಕೊಟ್ಟ ಮುಖಕ್ಕೂ ಫರಕು ತಿಳಿಯುವುದಿಲ್ಲ ನೋಡಿ.

ದೀಪಾವಳಿ ಮುಗಿದ ಮೇಲೆ ಒಂದು ದಿನ ಅವಳ ಟೇಬಲ್ ಒರೆಸುವಾಗ ಒಂದು ಜೆರಾಕ್ಸ್ ಹಾಳೆ ಸಿಕ್ಕಿತು. ಮೂಲೆಯಲ್ಲಿ ಎಣ್ಣೆಯ ಕಲೆ. ಮೂಗಿಗೆ ಹಿಡಿದೆ. ಅಗಸಿ ಹಿಂಡಿ. ನನ್ನ ಮನೆಯಲ್ಲಿ ಅಗಸಿ ಹಿಂಡಿ ಮಾಡುವುದಿಲ್ಲ. ಹುರಿಯುವಾಗ ಮೆಣಸಿನಕಾಯಿ ಘಾಟಿಗೆ ನನಗೆ ಕೆಮ್ಮು ಹಿಡಿಯುತ್ತದೆ. ಹಾಗಾದರೆ ಇವಳಿಗೆ ಉಣ್ಣಿಸುತ್ತಿರುವವರು ಯಾರು? ಪುಸ್ತಕ ಬಿಡಿಸಿದರೆ ಗುರುತಿಗೆ ಇಟ್ಟಿದ್ದ ಸಿಟಿ ಬಸ್ಸಿನ ಟಿಕೀಟು. ಯೂನಿವರ್ಸಿಟಿಯಿಂದ ಎಸ್.ಟಿ. ಸ್ಟ್ಯಾಂಡಿಗೆ. ಇನ್ನೊಂದು ಪುಸ್ತಕದಲ್ಲಿ ಇನ್ನೊಂದು. ಎರಡೂ ಬುಧವಾರದವು.

ಕೇಳಿದ್ದರೆ ಮುಗಿದುಹೋಗುತ್ತಿತ್ತು. ಕೇಳಲಿಲ್ಲ. ಅಷ್ಟು ವರ್ಷ ಟೀಚರುಗಳ ತಲೆನೋವು, ಮಗುವಿನ ಜ್ವರ, ಅತ್ತೆಯ ಮಂಡಿನೋವು ಎಲ್ಲ ಕೇಳಿ ಕೇಳಿ, ಉತ್ತರಗಳ ಮೇಲೆ ನನಗೆ ವಿಶ್ವಾಸ ಉಳಿದಿರಲಿಲ್ಲ. ಐ ಟ್ರಸ್ಟೆಡ್ ಓನ್ಲಿ ವಾಟ್ ಐ ಸಾ.

ಡಿಸೆಂಬರಿನ ಒಂದು ಬುಧವಾರ ಸ್ವೆಟರ್ ಹಾಕಿಕೊಂಡು ಆಟೋ ಹಿಡಿದು ಸ್ಟ್ಯಾಂಡಿಗೆ ಹೋದೆ. ಕಬ್ಬಿನ ಹಾಲಿನ ಅಂಗಡಿಯ ಕಂಬದ ಮರೆಯಲ್ಲಿ ನಿಂತೆ. ಅರವತ್ತೊಂಬತ್ತು ವರ್ಷದ ಹೆಂಗಸು, ಕಂಬದ ಹಿಂದೆ! ಅಂಗಡಿಯವನು ಮೂರು ಸಲ ಕೇಳಿದ, ಒಂದು ಗ್ಲಾಸು ಕುಡಿದೆ. ಹನ್ನೊಂದೂವರೆಗೆ ಭಾಗ್ಯಾ ಬಂದಳು. ಹತ್ತು ನಿಮಿಷಕ್ಕೆ ಅವರ ಊರಿನ ಗಾಡಿ ಬಂತು. ಡ್ರೈವರ್ ಕಿಟಕಿಯಿಂದ ಒಂದು ಗಂಟು ಇಳಿಸಿದ, ಇವಳು ಇನ್ನೊಂದು ಏರಿಸಿದಳು. ಬೆಂಚಿನ ಮೇಲೆ ಕೂತು ಗಂಟು ಬಿಚ್ಚಿದಳು. ಭಾಕ್ರಿ ನೋಡಲಿಲ್ಲ, ಹಿಂಡಿ ನೋಡಲಿಲ್ಲ. ಭಾಕ್ರಿಯ ಕೆಳಗೆ ಪ್ಲಾಸ್ಟಿಕ್ ಚೀಲದಲ್ಲಿ ಮಡಚಿಟ್ಟ ಕಾಗದ ತೆಗೆದಳು. ಓದುತ್ತ ಓದುತ್ತ ಅಂಗೈಯಿಂದ ಬಾಯಿ ಮುಚ್ಚಿಕೊಂಡು ನಕ್ಕಳು. ಆರು ತಿಂಗಳಲ್ಲಿ ನನ್ನ ಮನೆಯಲ್ಲಿ ಒಮ್ಮೆಯೂ ಹಾಗೆ ನಕ್ಕಿರಲಿಲ್ಲ. ಆಮೇಲೆ ಪೆನ್ನು ತೆಗೆದು ಅದರ ಮೇಲೇ ಏನೋ ಬರೆಯತೊಡಗಿದಳು.

ನನ್ನ ಮನೆಯಲ್ಲಿ ಎರಡು ಹೊತ್ತು ಬಿಸಿ ಊಟವಿರುವ ಹುಡುಗಿಗೆ ಡಬ್ಬಿ ಯಾಕೆ ಬರಬೇಕು? ಊರಿನ ಯಾವನೋ ಇದ್ದಾನೆ. ಡಬ್ಬಿ ನೆವ. ಚೌಕ ತುಂಬಿತು ಎಂದುಕೊಂಡೆ. ನಿಜ ಹೇಳಬೇಕೆಂದರೆ, ಸ್ವಲ್ಪ ಸಂತೋಷವೂ ಆಯಿತು, ನನ್ನ ಲೆಕ್ಕ ಸರಿ ಬಂತಲ್ಲ ಎಂದು.

ರವಿವಾರ ಮಲ್ಲಿನಾಥನ ಫೋನು ಬಂತು. ಹೇಳಿದೆ. ಅವನ ಹಿಂದೆ ಎಮ್ಮೆ ಒದರುವುದು ಕೇಳುತ್ತಿತ್ತು.

"ಕಾಗದ ನೀವ ಕಣ್ಣಾರೆ ನೋಡೀರಿ?"

"ನೋಡೀನಿ."

"ಬುಧವಾರ ಬರ್ತೀನ್ರಿ. ಇಬ್ಬರಿಗೂ ಹೇಳಬ್ಯಾಡ್ರಿ, ಅವ್ವಗೂ ಮಗಳಿಗೂ."

ಮಂಗಳವಾರ ನನಗೆ ಕೆಮ್ಮು ಹೆಚ್ಚಾಯಿತು. ಭಾಗ್ಯಾ ಪುಸ್ತಕ ಬದಿಗಿಟ್ಟು ಅಡುಗೆಮನೆಗೆ ಹೋಗಿ ಶುಂಠಿ, ಮೆಣಸು ಕುಟ್ಟಿ ಕಷಾಯ ಮಾಡಿ ತಂದಳು. "ಬಿಸಿ ಅದ ರೀ, ಊದಿ ಕುಡೀರಿ" ಎಂದು ಹೇಳಿ ಪಕ್ಕದಲ್ಲೇ ಕೂತಳು. ಆಗಲಾದರೂ ಬಾಯಿ ಬಿಡಬಹುದಿತ್ತು. ಕಷಾಯ ಕುಡಿದು ಲೋಟ ಕೊಟ್ಟೆ, ಅಷ್ಟೇ.

ಬುಧವಾರ ಮಲ್ಲಿನಾಥ ಮೊದಲ ಗಾಡಿಗೇ ಬಂದಿದ್ದ. ಮನೆಯಲ್ಲಿ ಸೊಲ್ಲಾಪುರದಲ್ಲಿ ಪೈಪು ತರುವುದಿದೆ ಎಂದು ಹೇಳಿ ಬಂದಿದ್ದನಂತೆ. ಇಬ್ಬರೂ ಅದೇ ಕಂಬದ ಹಿಂದೆ ನಿಂತೆವು. ಗಾಡಿ ಬಂತು, ಗಂಟು ಇಳಿಯಿತು. ಇವಳು ಕಾಗದ ತೆಗೆಯುವುದಕ್ಕೂ ಅವನು ಎದುರಿಗೆ ಹೋಗಿ ನಿಲ್ಲುವುದಕ್ಕೂ ಸರಿಹೋಯಿತು.

"ಅಪ್ಪಾ!" ಎಂದವಳು ಅವನ ಹೆಗಲ ಮೇಲಿಂದ ನನ್ನನ್ನು ನೋಡಿದಳು. ಆ ನೋಟವನ್ನು ನಾನು ಮರೆತಿಲ್ಲ. ಅದರಲ್ಲಿ ಭಯ ಅವನ ಪಾಲಿಗೆ, ಬೇರೆ ಏನೋ ನನ್ನ ಪಾಲಿಗೆ.

ಅವನು ಕಾಗದ ಕಸಿದುಕೊಂಡ. ತಿರುಗಿಸಿ ಮುರುಗಿಸಿ ನೋಡಿದ. ಮರಾಠಿಯಲ್ಲಿ ಬರೆದ ದುಂಡು ದುಂಡು ಅಕ್ಷರ, ನಡುನಡುವೆ ಇಂಗ್ಲಿಷ್ ಶಬ್ದ. ಮೂಲೆಗೆ ಹಿಟ್ಟಿನ ಬೆರಳು ಮೂಡಿತ್ತು.

"ಯಾರ ಅಕ್ಷರ ಇವು? ಹೇಳ್ತೀಯೋ ಇಲ್ಲೋ?"

"ಅವ್ವನ್ವು."

"ಸುಳ್ಳು ಹೇಳಬ್ಯಾಡ. ನಾಲ್ಕು ಮಂದ್ಯಾಗ ಕೈ ಎತ್ತಸಬ್ಯಾಡ ನನ್ನ ಕಡಿಂದ."

"ಅಪ್ಪಾ," ಹುಡುಗಿ ತಲೆ ಎತ್ತಿ ಕೇಳಿದಳು, "ಅವ್ವನ ಅಕ್ಷರ ನೀ ಎಂದರ ನೋಡೀಯೇನು?"

ಅವನು ಮತ್ತೆ ಕಾಗದದ ಕಡೆ ನೋಡಿದ. ಇಪ್ಪತ್ತೆರಡು ವರ್ಷದ ಸಂಸಾರ. ಹೆಂಡತಿ ಸುವರ್ಣಾಳ ಸಹಿ ನೋಡಿದ್ದ. ಅಕ್ಷರ ನೋಡಿರಲಿಲ್ಲ.

ನಾನು ಆಗ ಮಾಡಿದ್ದು ಹೇಳಲಿಕ್ಕೆ ಈಗಲೂ ನಾಚಿಕೆ. "ತಾ ಇಲ್ಲಿ" ಎಂದು ಕಾಗದ ಇಸಿದುಕೊಂಡು, ಕ್ಲಾಸಿನಲ್ಲಿ ನೋಟ್‌ಬುಕ್ ಹಿಡಿದು ಓದಿದ ಹಾಗೆ, ಗಟ್ಟಿಯಾಗಿ ಓದಿದೆ. ಇನ್ನೂ ನನಗೆ ನಂಬಿಕೆಯಿರಲಿಲ್ಲ. ಪ್ರೇಮಪತ್ರವಾದರೆ ಎರಡನೇ ಸಾಲಿಗೆ ಸಿಕ್ಕಿಬೀಳುತ್ತದೆ ಎಂದುಕೊಂಡಿದ್ದೆ.

"ಒಂದನೇ ಪ್ರಶ್ನೆ. ನಮ್ಮ ಬಾವಿಯ ಮೋಟರು ಐದು ಹಾರ್ಸ್ ಪವರ್ ಎಂದರೆ ಐದು ಕುದುರೆಯ ಬಲ ಎಂದು ಬರೆದಿದ್ದೀ. ಯಾವ ಕುದುರೆ? ಟಾಂಗಾದ ಕುದುರೆಯೋ, ಪೊಲೀಸರ ಕುದುರೆಯೋ? ಎರಡಕ್ಕೂ ಒಂದೇ ಮೇವು ಹಾಕುವುದಿಲ್ಲವಲ್ಲ. ಎರಡನೇ ಪ್ರಶ್ನೆ. ವಾರಕ್ಕೆ ಇಪ್ಪತ್ತಾರು ತಾಸು ಒಬ್ಬರೇ ಓದಬೇಕೆಂದು ನಿಮ್ಮ ಪುಸ್ತಕದಲ್ಲಿದೆ ಎಂದಿ. ಅಷ್ಟು ತಾಸು ನಿಮ್ಮನ್ನು ಯಾರೂ ಕರೆಯುವುದೇ ಇಲ್ಲವೇ?"

ಡ್ರೈವರ್ ಕಿಟಕಿಯಿಂದ ನಕ್ಕ. ಪಕ್ಕದ ಬೆಂಚಿನ ಇಬ್ಬರು ಯಾತ್ರಿಕರೂ ನಕ್ಕರು. ಭಾಗ್ಯಾ ನಗಲಿಲ್ಲ.

"ಶುಕ್ರವಾರ ಟ್ಯುಟೋರಿಯಲ್‌ನ್ಯಾಗ ಸರ್ ಕೇಳ್ತಾರ ರೀ," ಎಂದು ನನಗಲ್ಲ, ಅಪ್ಪನಿಗೆ ಹೇಳಿದಳು. "ವಾರದಾಗ ಕಲ್ತದ್ದು ಯಾರಿಗೆರ ತಿಳಿಸಿ ಹೇಳಬೇಕು, ಅವರು ಕೇಳಿದ ಪ್ರಶ್ನಿ ತರಬೇಕು. ಎಲ್ಲಾರೂ ರೂಮ್‌ಮೇಟ್‌ಗ ಹೇಳ್ತಾರ. ನಾ ಅವ್ವಗ ಬರದು ಕಳಸ್ತೀನಿ. ಅಕೀಗಿ ತಿಳಿಸಬೇಕಾದ್ರ ನನಗೂ ತಿಳೀತದ. ಇಲ್ಲಂದ್ರ ಆ ಇಂಗ್ಲಿಷ್ ನನ್ನ ತಲ್ಯಾಗ ಹೋಗೂದಿಲ್ಲಪ್ಪಾ. ಫೋನ್ ಮಾಡಬೇಕಂದ್ರ ಮನ್ಯಾಗ ಇರೂದು ಒಂದು ಫೋನು, ಅದು ನಿನ್ನ ಕಿಸೇದಾಗ."

ಚೀಲದಲ್ಲಿ ಇನ್ನೊಂದು ಹಾಳೆ ಇತ್ತು. ಭಾಗ್ಯಾ ಸ್ಕೇಲ್ ಇಟ್ಟು ಗೆರೆ ಎಳೆದು ಮಾಡಿದ್ದು, ಯೂನಿವರ್ಸಿಟಿಯ ಟೈಮ್‌ಟೇಬಲ್ ಇದ್ದ ಹಾಗೆಯೇ, ಸೋಮವಾರದಿಂದ ರವಿವಾರ. ಮೇಲೆ "ಅವ್ವನ ವಾರ" ಎಂದು ಬರೆದಿತ್ತು. ಸೆಗಣಿ, ಹಾಲು, ಭಾಕ್ರಿ, ಹೊಲಕ್ಕೆ ಬುತ್ತಿ, ಕಸ ತೆಗೆಯುವುದು, ಮಾವನ ಮಾತ್ರೆ, ಬಟ್ಟೆ, ಹಾಲು, ಭಾಕ್ರಿ. ಎಲ್ಲ ಚೌಕವೂ ತುಂಬಿತ್ತು. ದಿನಕ್ಕೆ ಒಂದೇ ಒಂದು ಕಿರಿದಾದ ಚೌಕ, "ಕುಕ್ಕರ್ ಮೂರು ಸೀಟಿ ಆಗುವ ತನಕ: ಓದು." ಅದರ ಮುಂದೆ ಸುವರ್ಣಾ ಹಾಕಿದ ಸಣ್ಣ ಸಣ್ಣ ಟಿಕ್ ಮಾರ್ಕು. ನಾನು ಫ್ರಿಜ್ಜಿನ ಮೇಲೆ ಹಾಕುತ್ತಿದ್ದಂಥವೇ.

ಹತ್ತೊಂಬತ್ತು ವರ್ಷ ಟೈಮ್‌ಟೇಬಲ್ ಮಾಡಿದ್ದೆ, ಇಂಥದ್ದನ್ನು ನೋಡಿರಲಿಲ್ಲ. ಆಫ್ ತಾಸಿಲ್ಲ. ರಜೆಯಿಲ್ಲ. ರವಿವಾರವೂ ಸೋಮವಾರದಂತೆಯೇ. ಪ್ರಾಕ್ಸಿಯ ಹೆಸರೇ ಇಲ್ಲ.

ಮಲ್ಲಿನಾಥ ಬೆಂಚಿನ ಮೇಲೆ ಕೂತ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟ.

"ಈ ಕುದುರಿ ಮಾತು ನನಗೂ ಕೇಳಿದ್ಲು," ಎಂದ. "ಮೊನ್ನಿ, ಉಣ್ಣಾಕ ಕುಂತಾಗ. ನಿನಗ್ಯಾಕ ಬೇಕು ಕುದುರಿ, ಎಮ್ಮಿ ಸಾಲವಲ್ಲೇನು ಅಂದಿದ್ದೆ."

ಗಾಡಿ ಸ್ಟಾರ್ಟ್ ಆಯಿತು. ಅವನು ಎದ್ದು ನನ್ನ ಕಡೆ ತಿರುಗಿದ. "ಮತ್ತ ಏನರ ಕಂಪ್ಲೇಂಟ್ ಅದ ಏನ್ರಿ ಮಾವಶಿ?"

ಹುಡುಗಿಯ ಇಡೀ ವರ್ಷ ನನ್ನ ಬಾಯಲ್ಲಿತ್ತು. "ಇಲ್ಲಪ್ಪಾ" ಎಂದೆ. "ಏನೂ ಇಲ್ಲ."

"ಹಂಗಾರ ಇರ್ಲಿ ಇಲ್ಲೇ." ಕಾಗದವೆರಡನ್ನೂ ಡಬ್ಬಿಗೆ ಹಾಕಿ, ಗಂಟು ಕಟ್ಟಲು ಬರದೆ ಹಾಗೇ ಸುತ್ತಿ, ಬಗಲಲ್ಲಿ ಇಟ್ಟುಕೊಂಡು ಗಾಡಿ ಹತ್ತಿದ. ಭಾಗ್ಯಾ ಒಂದು ತುತ್ತೂ ತಿಂದಿರಲಿಲ್ಲ.

ಮುಂದಿನ ಬುಧವಾರ ಡಬ್ಬಿ ಬರಲಿಲ್ಲ. ಅದರ ಮುಂದಿನ ಬುಧವಾರವೂ ಇಲ್ಲ.

ಭಾಗ್ಯಾ ಜಗಳವಾಡಲಿಲ್ಲ. ಬೈದಿದ್ದರೆ ಹಗುರಾಗುತ್ತಿತ್ತು. ಅವಳು ಮಾಡಿದ್ದೇನೆಂದರೆ, ಮರುದಿನ ಬೆಳಿಗ್ಗೆ ಹೊರಡುವ ಮುಂಚೆ ಫ್ರಿಜ್ಜಿನ ಮುಂದೆ ನಿಂತು, ನನ್ನ ಪೆನ್ಸಿಲ್ ಗುರುತುಗಳ ಕೆಳಗೆ, ಪೆನ್ನಿನಿಂದ ಬರೆದಳು: 8.15 ಹೋದೆ. ಸಂಜೆ ಬಂದು: 6.10 ಬಂದೆ, ಲೈಬ್ರರಿ. ದಿನಾಲೂ. "ಅದು ಬ್ಯಾಡವ್ವಾ" ಎಂದೆ. "ಇರ್ಲಿ ರೀ ಅಜ್ಜಿ, ನಿಮಗ ಈಜಿ ಆಗ್ತದ" ಎಂದಳು, ಬಹಳ ಮರ್ಯಾದೆಯಿಂದ. ಆ ಮರ್ಯಾದೆ ಕೆನ್ನೆಗೆ ಬಡಿದ ಹಾಗಿತ್ತು.

ಅವಳು ಸ್ಟ್ಯಾಂಡಿಗೆ ಹೋಗುವುದನ್ನು ಬಿಟ್ಟಳು. ನಾನು ಹೋಗತೊಡಗಿದೆ. ಈಗ ನನ್ನ ಸಂಶಯವೆಲ್ಲ ಮಲ್ಲಿನಾಥನ ಮೇಲೆ. ಆ ಕಾಗದಗಳನ್ನು ಒಲೆಗೆ ಹಾಕಿದ್ದಾನೆ, ಸುವರ್ಣಾಳ ಬಾಯಿಗೆ ಬೀಗ ಜಡಿದಿದ್ದಾನೆ ಎಂದು ನನಗೆ ಖಾತ್ರಿಯಾಗಿತ್ತು. ರವಿವಾರ ಅವನು ಫೋನು ಮಾಡಿದಾಗ "ಸುವರ್ಣಾನ ಕೈಯಾಗ ಕೊಡು" ಎಂದೆ. "ಆಕಿ ಹೊಲದಾಗ ಹೋಗ್ಯಾಳ್ರಿ" ಎಂದ. ನೋಡಿದಿರಾ, ಎಂದುಕೊಂಡೆ. ಡ್ರೈವರ್ ನನ್ನನ್ನು ಕಂಡ ಕೂಡಲೇ ಕಿಟಕಿಯಿಂದಲೇ ಕೈ ಅಲ್ಲಾಡಿಸುತ್ತಿದ್ದ. "ಇವತ್ತೂ ಇಲ್ರಿ ಅಜ್ಜಿ."

ನಾಲ್ಕನೇ ಬುಧವಾರ ಅವನು ಕೈ ಅಲ್ಲಾಡಿಸಲಿಲ್ಲ, ಗಂಟು ತೋರಿಸಿದ. ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಮನೆಗೆ ತಂದೆ. ಮೂಗಿಗೆ ಹಿಂಡಿಯ ವಾಸನೆ, ಬೆರಳಿಗೆ ಗಂಟಿನ ತುರಿಕೆ. ಬಿಚ್ಚಲಿಲ್ಲ. ಸಂಜೆ ಭಾಗ್ಯಾ ಬಂದಾಗ ಟೇಬಲ್ ಮೇಲೆ ಇಟ್ಟು ನಾನು ಹಿತ್ತಲಿಗೆ ಹೋದೆ. ಸ್ವಲ್ಪ ಹೊತ್ತಿಗೆ ಅವಳೇ ಬಾಗಿಲಿಗೆ ಬಂದಳು.

"ಬರ್ರಿ. ಒಂದು ಸಾಲು ನಿಮಗೂ ಅದ."

ಸುವರ್ಣಾ ಬರೆದಿದ್ದಳು: "ಮೂರು ವಾರ ಕಳಿಸದೇ ಇದ್ದವಳು ನಾನೇ. ಅವರು ಏನೂ ಅನ್ನಲಿಲ್ಲ. ನನ್ನ ಕಾಗದವನ್ನು ಸ್ಟ್ಯಾಂಡಿನಲ್ಲಿ ನಾಲ್ಕು ಮಂದಿಯ ಮುಂದೆ ಓದಿದರು ಎಂದು ತಿಳಿದು ನನಗೆ ನಾಚಿಕೆಯಾಯಿತು. ಮಾವಶಿಗೆ ಹೇಳು, ನಾನು ತಪ್ಪು ಬರೆದಿದ್ದರೆ ತಿದ್ದಬಹುದು, ಗಟ್ಟಿಯಾಗಿ ಓದಬಾರದು."

ಎರಡನೇ ಸಲವೂ ನನ್ನ ಲೆಕ್ಕ ತಪ್ಪಿತ್ತು. ಒಲೆಯೂ ಇರಲಿಲ್ಲ, ಬೀಗವೂ ಇರಲಿಲ್ಲ. ಇದ್ದದ್ದು ನನ್ನ ದನಿ.

"ಅವ್ವನ ವಾರ" ಹಾಳೆಯೂ ಇತ್ತು. ಸಂಜೆಯ "ಹಾಲು" ಚೌಕದಲ್ಲಿ ದಪ್ಪ ಬಾಲ್‌ಪೆನ್ನಿನಿಂದ, ಗೆರೆ ದಾಟಿ, ಬೇರೆ ಕೈ ಬರೆದಿತ್ತು: ಮಲ್ಲಿನಾಥ. ಏಳು ದಿನಕ್ಕೂ. ನನ್ನ ಭಾಷೆಯಲ್ಲಿ ಹೇಳುವುದಾದರೆ, ಪ್ರಾಕ್ಸಿ ಬಿದ್ದಿತ್ತು. ಆ ವಾರ ಸುವರ್ಣಾ ಏಳು ಪ್ರಶ್ನೆ ಕಳಿಸಿದ್ದಳು.

ಅವನು ನಿಜವಾಗಿ ಹಿಂಡುತ್ತಾನೆಂದು ನಾನು ನಂಬಲಿಲ್ಲ, ಅದು ಬೇರೆ ಮಾತು. ಮುಂದೆ ಒಂದು ಬುಧವಾರ ಕೇಳಿದಾಗ ಭಾಗ್ಯಾ, ಆ ಸ್ಟ್ಯಾಂಡಿನ ದಿನದ ಮೇಲೆ ಮೊದಲ ಸಲ, ನನ್ನ ಎದುರಿಗೆ ನಕ್ಕಳು. "ಹದಿನೈದು ದಿನ ಹಿಂಡ್ಯಾನಂತ ರೀ. ಆಮ್ಯಾಲ ಎಮ್ಮಿ ಒದ್ದು ಬಕೀಟು ಚೆಲ್ತು. ಈಗ ಮೇವು ಹಾಕತಾನ, ಹಾಲು ಅವ್ವಾನ ಹಿಂಡ್ತಾಳ."

ಫೆಬ್ರುವರಿಯಲ್ಲಿ ಬಿಳಿಜೋಳದ ಸುಗ್ಗಿ ಬಂದು ಸುವರ್ಣಾಳ ಟಿಕ್ಕುಗಳು ವಾರಕ್ಕೆ ಎರಡಕ್ಕಿಳಿದವು. ಏಪ್ರಿಲಿನ ಬಿಸಿಲಲ್ಲಿ ಪರೀಕ್ಷೆ. ಭಾಗ್ಯಾ ಪಾಸಾದಳು, ಸಾಯನ್ಸಿನಲ್ಲಿ ಕ್ಲಾಸಿಗೇ ಎರಡನೆಯವಳು. ಬಾಗಿಲಲ್ಲಿ ನಿಂತವರು ಬೇರೆ ಬಾಗಿಲಿಗೆ ಹೋದರು. ನಾನು ಮೂರು ಕಿಲೋ ಪೇಢೆ ತಂದು ಕಾಲೊನಿಗೆಲ್ಲ ಹಂಚಿದೆ, ಸುನಂದಾ ವಹಿನಿಗೆ ಎರಡು ಹೆಚ್ಚು ಕೊಟ್ಟು, ಪಾಯಾ ತುಂಬಿತು ಎಂದೆ.

ಜೂನಿನಲ್ಲಿ ಅವಳು ಬ್ಯಾಗು ಕಟ್ಟಿದಳು. "ಅಜ್ಜಿ, ಈ ವರ್ಷ ಹಾಸ್ಟೆಲ್‌ನ್ಯಾಗ ಇರ್ತೀನ್ರಿ. ಕ್ಲಾಸು ಜಾಸ್ತಿ ಅವ." ಕಾಲಿಗೆ ನಮಸ್ಕಾರ ಮಾಡಿದಳು. ಕ್ಲಾಸು ಜಾಸ್ತಿ ಇರುವುದು ನಿಜವೇ ಎಂದು ನಾನು ಟೈಮ್‌ಟೇಬಲ್ ಕೇಳಲಿಲ್ಲ. ಅವಳು ಹೋದ ಮೇಲೆ ಫ್ರಿಜ್ಜಿನ ಮೇಲಿನ ಹಾಳೆಯ ಪೆನ್ಸಿಲ್ ಗುರುತುಗಳನ್ನೆಲ್ಲ ರಬ್ಬರಿನಿಂದ ಅಳಿಸಿದೆ. ಒತ್ತಿ ಬರೆಯುವುದು ನನ್ನ ಅಭ್ಯಾಸ. ಬೆಳಕಿಗೆ ಹಿಡಿದರೆ ಇನ್ನೂ ಕಾಣುತ್ತವೆ. ಅವಳು ಪೆನ್ನಿನಿಂದ ಬರೆದದ್ದಂತೂ ಅಲ್ಲೇ ಇದೆ.

ಹೋದ ವಾರ ಆ ಬೆಂಚಿನ ಮೇಲೆ ಕೂತು ಇದನ್ನೆಲ್ಲ ನೆನೆಯುತ್ತಿರುವಾಗ ಯಾರೋ ಕರೆದರು. ಅದೇ ಡ್ರೈವರ್, ಎರಡು ವರ್ಷದಲ್ಲಿ ಮೀಸೆ ಬೆಳ್ಳಗಾಗಿದೆ.

"ಅಜ್ಜಿ! ಛಲೋ ಆತು ಸಿಕ್ಕಿದ್ದು. ಭಾಗ್ಯಾ ಇನ್ನಾ ಬಂದಿಲ್ಲ, ನಂದು ಗಾಡಿ ಹೊಂಡೂ ಟೈಮ್ ಆತು. ಹಿಡೀರಿ ಇದನ್ನ."

ಗಂಟು ನನ್ನ ತೊಡೆಯ ಮೇಲೆ ಬಂದು ಕೂತಿತು. ಇನ್ನೂ ಬೆಚ್ಚಗಿತ್ತು. ಹೊರಗಿನಿಂದ ಒತ್ತಿದರೆ ಡಬ್ಬಿ ತಿಳಿಯುತ್ತಿತ್ತು. ಒಳಗೆ ಭಾಕ್ರಿಯ ಕೆಳಗೆ ಈಗ ಯಾವ ಪ್ರಶ್ನೆ ಇದೆ? ಸುವರ್ಣಾ ಇನ್ನೂ ಕೇಳುತ್ತಿದ್ದಾಳೆಯೇ, ಅಥವಾ ಇದು ಬರೀ ಊಟವೇ? ಚೌಕದಲ್ಲಿ ಮಲ್ಲಿನಾಥನ ಹೆಸರು ಉಳಿದಿದೆಯೇ? ಬರೀ ಒಂದು ಗಂಟು. ಎರಡು ಬೆರಳು ಸಾಕು. ಅರ್ಧ ತಾಸು ಎರಡೂ ಕೈಯನ್ನು ಸೆರಗಿನೊಳಗೆ ಇಟ್ಟುಕೊಂಡು ಕೂತೆ.

ಭಾಗ್ಯಾ ಓಡುತ್ತ ಬಂದಳು. ಎತ್ತರವಾಗಿದ್ದಾಳೆ. ನನ್ನನ್ನು ನೋಡಿ ನಿಂತಳು.

"ಡ್ರೈವರ್ ಮಾಮಾ ಕೊಟ್ಟು ಹೋದ," ಎಂದೆ. "ಬಿಚ್ಚಿಲ್ಲ."

"ಗೊತ್ತದ ರೀ," ಎಂದಳು. ಎಂದರೂ, ಡಬ್ಬಿ ಇಸಿದುಕೊಳ್ಳುವಾಗ ಅವಳ ಹೆಬ್ಬೆರಳು ಗಂಟಿನ ಮೇಲೆ ಹೋಯಿತು. ಎರಡು ಸುತ್ತು, ತುದಿ ಒಳಗೆ ಸಿಕ್ಕಿಸಿದ್ದು. ಸುವರ್ಣಾ ಕಟ್ಟಿದ ಗಂಟೇ ಹೌದೋ ಅಲ್ಲವೋ ಎಂದು ತಡವಿ ನೋಡಿತು. ನಾನು ಅದನ್ನು ನೋಡಿದ್ದು ಅವಳಿಗೂ ಗೊತ್ತಾಯಿತು.

ಆಮೇಲೆ ನನ್ನ ಪಕ್ಕ ಕೂತು ಗಂಟು ಬಿಚ್ಚಿದಳು. ಒಂದು ಭಾಕ್ರಿ ಅರ್ಧ ಮುರಿದು, ಮೇಲೆ ಅಗಸಿ ಹಿಂಡಿ ಇಟ್ಟು ನನ್ನ ಅಂಗೈಗೆ ಕೊಟ್ಟಳು. "ಕೆಮ್ಮು ಬರ್ತದ ನೋಡ್ರಿ, ಸಾವಕಾಶ." ಭಾಕ್ರಿಯ ಕೆಳಗಿನ ಪ್ಲಾಸ್ಟಿಕ್ ಚೀಲವನ್ನು ಬಿಡಿಸದೆ ತನ್ನ ಬ್ಯಾಗಿನೊಳಗೆ ಇಟ್ಟು ಚೈನು ಎಳೆದಳು. ನಾನು ತಿನ್ನುತ್ತ ರಸ್ತೆಯ ಕಡೆ ನೋಡಿದೆ.